ಬಾಬಿನ್‌ನನ್ನು ಓಡಿಸಿದ ಮಿನ್ನಿ

ವಾಲ್ಟರ್ ಹಾವರ್ತ್ ತೀರಿಕೊಂಡ ಮೇಲೆ ಅವನ ಹೆಂಡತಿ ಮಿನ್ನಿಗೆ ಉಳಿದದ್ದು ಒಂದು ಗೋಡೆ ಗಡಿಯಾರ, ಎರಡು ಜೊತೆ ಬೂಟು ಮತ್ತು ಒಂದು ನಾಯಿ. ಗಡಿಯಾರಕ್ಕೆ ಕೀ ಕೊಟ್ಟರೆ ಸಾಕಿತ್ತು. ಬೂಟುಗಳು ಅಳಿಯ ಸಿರಿಲ್‌ನ ಕಾಲಿಗೆ ಸರಿಹೋದವು. ನಾಯಿಯನ್ನು ಏನು ಮಾಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅದರ ಹೆಸರು ಬಾಬಿನ್. ವಿಪೆಟ್ ಎಂಬ ಓಟದ ಜಾತಿಯದು. ಬೂದಿ ಬಣ್ಣ, ಬೆನ್ನಿಗಂಟಿದ ಹೊಟ್ಟೆ, ಮೈಗಿಂತ ಕಾಲೇ ಹೆಚ್ಚು. ಹೊಸಬರು ನೋಡಿದರೆ ಹಾವರ್ತರ ಮನೆಯಲ್ಲಿ ನಾಯಿಗೆ ಹೊಟ್ಟೆಗೆ ಹಾಕುವುದೇ ಇಲ್ಲವೇನೋ ಅಂದುಕೊಳ್ಳಬೇಕು, ಹಾಗಿತ್ತು. ಲ್ಯಾಂಕಾಶೈರ್‌ನ ಆ ಗಿರಣಿ ಊರಿನಲ್ಲಿ ಎರಡು ಮನೆಗೆ ಒಂದರಂತೆ ಇಂಥ ನಾಯಿ ಇರುತ್ತಿತ್ತು. ಗಂಡಸರು ಕೆಲಸದಿಂದ ಬಂದು, ಮುಖ ತೊಳೆದು, ಉಂಡು, ಟೋಪಿ ಹಾಕಿಕೊಂಡು, "ನಾಯಿನ ತಿರುಗಾಡಿಸ್ಕೊಂಡು ಬರ್ತೀನಿ" ಅನ್ನುತ್ತಿದ್ದರು. ವಾಲ್ಟರ್ ಮದುವೆಯಾದಾಗಿನಿಂದ ದಿನವೂ ಅದೇ ಮಾತು ಹೇಳಿ ಹೊರಟವನು. ನಾಯಿಗಳು ಒಂದಾದ ಮೇಲೊಂದು ಬದಲಾದವು, ಮಾತು ಬದಲಾಗಲಿಲ್ಲ. ಎಲ್ಲಿಗೆ ಹೋಗುತ್ತಾನೆ, ಏನು ಮಾಡುತ್ತಾನೆ ಎಂದು ಮಿನ್ನಿ ಒಂದು ದಿನವೂ ಕೇಳಿದವಳಲ್ಲ. ಕಾಲಿಗೆ ಅಡ್ಡ ಸಿಗುವ ಇಬ್ಬರೂ ಹೊರಗೆ ಹೋದರು ಅಂದರೆ ನೆಲ ಒರೆಸಲು ಅವಳಿಗೆ ಪುರಸೊತ್ತು. ನಾಯಿ ಗಂಡಸರ ಪಾಲು, ನೆಲ ಹೆಂಗಸರ ಪಾಲು ಎಂದು ಆ ಬೀದಿಯಲ್ಲಿ ಯಾರೂ ಹೇಳದೆಯೇ ನಡೆದುಬಂದಿತ್ತು.

ನೆಲದ ಮಾತು ಬಂದರೆ ಮಿನ್ನಿಯನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಬೆಳಗಾಗುತ್ತಲೇ ಮಂಡಿಯೂರಿ ಹೊಸ್ತಿಲ ಕಲ್ಲನ್ನು ತಿಕ್ಕಿ ತೊಳೆದು, ಅದರ ಅಂಚಿಗೆ ಹಳದಿ ಕಲ್ಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಆ ಗೆರೆ ಒಣಗುವ ಮುಂಚೆ ಅಂಚೆಯವನು ಕೂಡ ದಾಟಿ ಬರುತ್ತಿರಲಿಲ್ಲ, ಕೈ ಚಾಚಿ ಕಾಗದ ಕೊಡುತ್ತಿದ್ದ. ವಾಲ್ಟರ್‌ನ ಜೊತೆಗಾರ ಈನಕ್ ಪಿಲ್ಲಿಂಗ್ ಒಮ್ಮೆ ಆ ಹೊಸ್ತಿಲ ಮೇಲೆ ತನ್ನ ಪೈಪಿನ ಬೂದಿ ಕೊಡವಿದ. ಅಂದಿನಿಂದ ಅವನು ಆ ಮನೆಯೊಳಕ್ಕೆ ಕಾಲಿಟ್ಟಿದ್ದಿಲ್ಲ. ಬೀದಿಯ ಮೂಲೆಯಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದ, ವಾಲ್ಟರ್ ನಾಯಿ ಹಿಡಿದುಕೊಂಡು ಹೋಗುತ್ತಿದ್ದ.

ಮಿನ್ನಿ ಹುಟ್ಟಿದ್ದು ಅದೇ ಬೀದಿಯ ಮೇಲಿನ ತುದಿಯಲ್ಲಿ, ಮದುವೆಯಾಗಿ ಬಂದದ್ದು ಕೆಳಗಿನ ತುದಿಗೆ. ಶಾಲೆ ಬಿಟ್ಟ ಮಾರನೆಯ ವಾರವೇ ನೇಯ್ಗೆ ಗಿರಣಿ ಸೇರಿದವಳು, ಮೊಣಕಾಲು ಹಿಡಿದುಕೊಳ್ಳುವ ತನಕ ಅಲ್ಲೇ ಮಗ್ಗ ನೋಡಿಕೊಂಡಳು. ಆ ಶೆಡ್ಡಿನಲ್ಲಿ ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಕಿವಿಯ ಪಕ್ಕ ಸಿಡಿಲು ಬಿದ್ದರೂ ತಿಳಿಯುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಹೆಂಗಸರು ದನಿ ತೆಗೆಯದೆ ಮಾತಾಡುವುದನ್ನು ಕಲಿತಿದ್ದರು. ಬಾಯಿ ಅಗಲಿಸಿ, ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ಬಿಡಿಸಿ, ಸಾಲದೆ ಬಂದರೆ ಹುಬ್ಬು ಮತ್ತು ಕೈ ಸೇರಿಸಿ ಹೇಳಿದರೆ ಶೆಡ್ಡಿನ ಆ ಕೊನೆಯವಳಿಗೂ ತಿಳಿಯುತ್ತಿತ್ತು. ಗಿರಣಿ ಬಿಟ್ಟ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಯಾರ ಮಗಳು ಯಾರ ಜೊತೆ ಸಿನಿಮಾಕ್ಕೆ ಹೋದಳು ಎಂಬ ಸುದ್ದಿಯೆಲ್ಲ ಈ ಕಿಟಕಿಯಿಂದ ಆ ಕಿಟಕಿಗೆ ಸದ್ದಿಲ್ಲದೆ ಬೀದಿ ದಾಟುತ್ತಿತ್ತು. ಮಗಳು ಬೆರಿಲ್ ಚಿಕ್ಕವಳಾಗಿದ್ದಾಗ ಅವಳನ್ನು ಆಟದಿಂದ ಕರೆಯಬೇಕಾದರೂ ಮಿನ್ನಿ ಕೂಗಿದವಳಲ್ಲ. ಬಾಗಿಲಲ್ಲಿ ನಿಂತು ಬಾಯಿ ತೆರೆಯುತ್ತಿದ್ದಳು, ಬೀದಿಯ ಕೊನೆಯಿಂದ ಬೆರಿಲ್ ಓಡಿಬರುತ್ತಿದ್ದಳು.

ವಾಲ್ಟರ್‌ನನ್ನು ಮಣ್ಣು ಮಾಡಿ ಬಂದ ಮಾರನೆಯ ಸೋಮವಾರ ಮಿನ್ನಿ ಎಂದಿನಂತೆ ಬಟ್ಟೆ ಒಗೆಯಲು ಕುಳಿತಳು. ಬಾಗಿಲ ಹಿಂದೆ ನೇತಾಡುತ್ತಿದ್ದ ವಾಲ್ಟರ್‌ನ ಹಳೇ ಕೋಟಿನ ಜೇಬಿಗೆ ಕೈ ಹಾಕಿದರೆ ಒಂದು ಚಿಂದಿ ಸಿಕ್ಕಿತು. ಯಾವ ಕಾಲದಲ್ಲೋ ಅಂಗಿಯ ಬಾಲವಾಗಿದ್ದ ಬಟ್ಟೆ. ಈಗ ಅದಕ್ಕೆ ಇಂಥದೇ ಬಣ್ಣ ಎಂದು ಹೇಳುವಂತಿರಲಿಲ್ಲ. ನಾಯಿಯ ಜೊಲ್ಲು, ಕೆಸರು, ತಂಬಾಕು ಎಲ್ಲ ಸೇರಿ ಕಮಟು ಹಿಡಿದಿತ್ತು. ಇದನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಓಡಾಡಿದನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬಿಳಿ ಬಟ್ಟೆಗಳ ಜೊತೆ ತಾಮ್ರದ ಹಂಡೆಗೆ ಹಾಕಿ ಕುದಿಸಿದಳು. ಬಣ್ಣ ಹೋಗಲಿಲ್ಲ, ಮತ್ತೆ ಕುದಿಸಿದಳು. ನೀಲಿ ಹಾಕಿ, ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ ವಾಲ್ಟರ್‌ನ ಕರವಸ್ತ್ರಗಳ ಜೊತೆ ಡ್ರಾಯರಿನಲ್ಲಿ ಇಟ್ಟಳು. ಅವನಿಗಾಗಿ ಮಾಡಲು ಇನ್ನೇನೂ ಉಳಿದಿರಲಿಲ್ಲವಲ್ಲ, ಇದನ್ನಾದರೂ ಅಚ್ಚುಕಟ್ಟಾಗಿ ಮಾಡಿದೆ ಎಂದು ಮನಸ್ಸಿಗೆ ಸಮಾಧಾನವಾಯಿತು. ಬಾಬಿನ್ ಒಲೆಯ ಮುಂದೆ ಕೂತು ಇದನ್ನೆಲ್ಲ ನೋಡುತ್ತಿತ್ತು. ಅದರ ಮುಖದಲ್ಲಿದ್ದುದು ದುಃಖ ಎಂದೇ ಮಿನ್ನಿ ತಿಳಿದಳು.

ನಾಯಿಗೆ ನಡಿಗೆ ಬೇಕು ಎಂಬುದು ಅವಳಿಗೆ ಗೊತ್ತಿತ್ತು. ದಿನವೂ ತಪ್ಪದೆ ಅದರ ಕೊರಳಿಗೆ ಪಟ್ಟಿ ಕಟ್ಟಿಕೊಂಡು ಹೊರಟಳು. ಕಟುಕನ ಅಂಗಡಿ, ಅಂಚೆ ಕಚೇರಿ, ಚಾಪೆಲ್ ಎಂಬ ಚಿಕ್ಕ ಚರ್ಚು, ವಾಪಸು ಮನೆ. ಬಾಬಿನ್ ಅವಳ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು, ಶವಯಾತ್ರೆಯಲ್ಲಿ ಹೋಗುವ ಹಾಗೆ ಹೆಜ್ಜೆ ಇಡುತ್ತಿತ್ತು. "ಎಷ್ಟು ಸಾಧು ನೋಡು" ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಹೊಗಳಿದರು. ಮನೆಗೆ ಬಂದದ್ದೇ ಆ ಸಾಧು ಪ್ರಾಣಿ ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಮನೆಯನ್ನೇ ಗಡಗಡಿಸುತ್ತಿತ್ತು. ಕುರ್ಚಿಯ ಹೊಟ್ಟೆ ಬಗೆದು ಕುದುರೆ ಕೂದಲನ್ನೆಲ್ಲ ಹೊರಗೆ ಎಳೆಯಿತು. ಬೆರಿಲ್ ಭಾನುವಾರ ಬಂದಾಗ ಅವಳ ಹೊಸ ಹ್ಯಾಟನ್ನು ತಿಂದು, ಅದರ ಮೇಲಿದ್ದ ಚೆರ್ರಿಗಳನ್ನು ಮಾತ್ರ ಉಗುಳಿತು. ಮಿನ್ನಿ ನಡಿಗೆಯನ್ನು ಹೆಚ್ಚಿಸಿದಳು. ಕಾಲುವೆಯ ಸೇತುವೆಯವರೆಗೂ ಹೋಗಿಬಂದಳು. ಮೊಣಕಾಲು ಬಾತುಕೊಂಡಿತು, ನಾಯಿಗೆ ಏದುಸಿರೂ ಬರಲಿಲ್ಲ.

ಹೀಗೇ ಚಳಿಗಾಲ ಕಳೆದು ಮಾರ್ಚ್ ಬಂತು. ಬಿಸಿಲೂ ಗಾಳಿಯೂ ಕೂಡಿಬಂದ ಒಂದು ಸೋಮವಾರ ಆ ಅನಾಹುತ ಆಯಿತು.

ಸೋಮವಾರ ಅಂದರೆ ಇಡೀ ಬೀದಿಗೆ ಒಗೆಯುವ ದಿನ. ಮನೆಗಳ ಹಿಂದಿನ ಓಣಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಎಲ್ಲರೂ ಬಟ್ಟೆ ಹರವುತ್ತಿದ್ದರು. ಗಾಳಿ ಬಂದರೆ ಓಣಿಯ ತುಂಬ ಮೇಲುಹಾಸು, ಅಂಗಿ, ಒಳಚಡ್ಡಿ ಎಲ್ಲ ಪಟಪಟ ಹೊಡೆದುಕೊಳ್ಳುತ್ತಿದ್ದವು. ಮಿನ್ನಿ ಹಿಂಬಾಗಿಲು ತೆರೆದು ಬುಟ್ಟಿ ಎತ್ತಿದಳೋ ಇಲ್ಲವೋ, ಅವಳ ಕಾಲಿನ ಸಂದಿಯಿಂದ ಬಾಬಿನ್ ನುಗ್ಗಿತು. ಆಮೇಲೆ ಕಂಡದ್ದು ಒಂದು ಬೂದಿ ಬಣ್ಣದ ಗೆರೆ ಮಾತ್ರ. ಓಣಿಯ ಈ ತುದಿಯಿಂದ ಆ ತುದಿಗೆ ಅದು ಒಂದೊಂದು ಬಟ್ಟೆಗೂ ಹಾರಿ, ಕಚ್ಚಿ, ಜೋತುಬಿದ್ದು, ಕೆಳಕ್ಕೆ ಕೆಡವಿ, ಮುಂದಿನದಕ್ಕೆ ಹಾರಿತು. ಕೊನೆಗೆ ಪಕ್ಕದ ಮನೆಯ ಕ್ಲೆಗ್ಗಮ್ಮನ ಗಂಡನ ಉಲ್ಲನ್ ಒಳಚಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ಎರಡು ಕಾಲುಗಳನ್ನೂ ಗಾಳಿಯಲ್ಲಿ ಹಾರಿಸುತ್ತ, ಬಸ್ ನಿಲ್ದಾಣದ ಮುಂದೆ ಸಾಲು ನಿಂತವರಿಗೆಲ್ಲ ತೋರಿಸಿಕೊಂಡು ಹೋಗಿಬಂತು. ಮಿನ್ನಿಯ ಮುಂದೆ ಅದನ್ನು ಇಟ್ಟು ಬಾಲ ಅಲ್ಲಾಡಿಸಿತು. ಎಷ್ಟೋ ತಿಂಗಳ ಮೇಲೆ ಅದರ ಮುಖದಲ್ಲಿ ಕಳೆ ಬಂದಿತ್ತು.

ಕ್ಲೆಗ್ಗಮ್ಮ ಮಿನ್ನಿಯ ಜೊತೆ ಒಂದೇ ಶೆಡ್ಡಿನಲ್ಲಿ ಮಗ್ಗ ನಡೆಸಿದವಳು. ಯಾವಾಗಲೂ ಹೆಸರು ಹಿಡಿದು ಕರೆಯುವವಳು. ಅವತ್ತು ಮಾತ್ರ ಕೈ ಕಟ್ಟಿ ನಿಂತಳು.

"ಮಿಸೆಸ್ ಹಾವರ್ತ್," ಅಂದಳು. ಮಿನ್ನಿ ಬುಟ್ಟಿ ಕೆಳಗಿಟ್ಟಳು. "ನಿಮ್ಮ ಯಜಮಾನರ ಮೇಲೆ ನನಗೆ ಗೌರವ ಇದೆ. ಆದ್ರೆ ನಮ್ಮೆಜಮಾನ್ರ ಚಡ್ಡಿ ಮೆರವಣಿಗೆ ಹೊರಡೋದನ್ನ ನಾನು ನೋಡೋಕಾಗಲ್ಲ."

"ಒಗೆದು ಕೊಡ್ತೀನಿ. ಹರಿದಿದ್ರೆ ಹೊಲಿದೂ ಕೊಡ್ತೀನಿ."

"ಹರಿದಿರೋದು ಚಡ್ಡಿ ಅಲ್ಲ, ಮಾನ. ಬಸ್ಸಿನ ಸಾಲಲ್ಲಿ ಪಾದ್ರಿಗಳಿದ್ರು. ಬರೋ ಸೋಮವಾರ ನಿಮ್ಮ ನಾಯಿ ನನ್ನ ಹಗ್ಗಕ್ಕೆ ಬಾಯಿ ಹಾಕಿದ್ರೆ, ಅದಾದ್ರೂ ಇರಬೇಕು ಈ ಬೀದೀಲಿ, ನಾನಾದ್ರೂ ಇರಬೇಕು."

ಸಂಜೆಯ ಬಸ್ಸಿಗೇ ಬೆರಿಲ್ ಬಂದಳು. ಪಕ್ಕದ ಊರಿಗೆ ಸುದ್ದಿ ಅಷ್ಟು ಬೇಗ ಹೇಗೆ ಮುಟ್ಟಿತೋ ದೇವರಿಗೇ ಗೊತ್ತು.

"ಅಮ್ಮ, ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ. ನಮ್ಮ ಸಿರಿಲ್‌ನ ಅಣ್ಣಂದು ಹೊಲ ಇದೆ, ಬೆಟ್ಟದ ಆಚೆ. ಅಲ್ಲಿ ಎಷ್ಟು ಬೇಕಾದ್ರೂ ಓಡ್ಲಿ. ಸೋಮವಾರ ಅವರ ಮೊಟ್ಟೆ ವ್ಯಾನು ಈ ಕಡೆ ಬರತ್ತೆ, ನಾನೂ ಬರ್ತೀನಿ. ಹತ್ತಿಸಿ ಕಳಿಸೋಣ."

"ಅವರ ಮನೇಲಿ ಕೋಳಿ ಇದಾವಲ್ಲೇ."

"ಅದಕ್ಕೇ ಕಟ್ಟಿಹಾಕ್ತಾರೆ."

"ಓಡ್ಲಿ ಅಂದೆ, ಈಗ ಕಟ್ಟಿಹಾಕ್ತಾರೆ ಅಂತೀಯ."

"ಹಾಗಾದ್ರೆ ನೀನೇ ಹೇಳು. ಇಲ್ಲಿಟ್ಕೊಂಡು ಅದರ ಕಾಲಿನ ತೀಟೆ ನೀನು ತೀರಿಸ್ತೀಯ? ಈ ಮೊಣಕಾಲು ಇಟ್ಕೊಂಡು?"

"ಆ ಸೋಮವಾರದ ಮಾತು ಆ ಸೋಮವಾರ" ಎಂದಷ್ಟೇ ಹೇಳಿ ಮಿನ್ನಿ ಟೀ ಬಗ್ಗಿಸಿದಳು. ಮಗಳು ಹೋದ ಮೇಲೆ ಬಾಬಿನ್ ಬಂದು ಅವಳ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿತು. ದಿನವೂ ಹಾಗೇ ಮಲಗುತ್ತಿತ್ತು. ವಾಲ್ಟರ್‌ನ ಕುರ್ಚಿ ಖಾಲಿಯಿದ್ದರೂ ಒಂದು ದಿನವೂ ಅದನ್ನು ಹತ್ತಿರಲಿಲ್ಲ. ಮಿನ್ನಿಯ ಕುರ್ಚಿಯ ಹೊಟ್ಟೆ ಬಗೆದಿತ್ತೇ ಹೊರತು ಅವನದನ್ನು ಮುಟ್ಟಿರಲಿಲ್ಲ. ಈ ಮನೆಯಲ್ಲಿ ಉಸಿರಾಡುವುದು ನಾವಿಬ್ಬರೇ, ಇದೂ ಹೋದರೆ ನಾನು ಗಡಿಯಾರದ ಜೊತೆ ಮಾತಾಡಬೇಕು ಎಂದು ಮಿನ್ನಿ ಯೋಚಿಸಿದಳು. ಮಾರನೆಯ ಬೆಳಿಗ್ಗೆ ಎದ್ದವಳೇ, ಹೊಸ್ತಿಲನ್ನೂ ತೊಳೆಯದೆ, ಈನಕ್ ಪಿಲ್ಲಿಂಗನ ಬಾಗಿಲು ತಟ್ಟಿದಳು.

ಈನಕ್ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು, ಹೆಂಡತಿಯಿಲ್ಲದ ಒಂಟಿ. ಬಾಗಿಲು ತೆರೆದು ಅವಳನ್ನು ಕಂಡವನೇ ಬಾಯಿಂದ ಪೈಪು ತೆಗೆದ.

"ಏನ್ ಮಿನ್ನಿ. ನಾನೇನಾದ್ರೂ ನಿನ್ನ ಹೊಸ್ತಿಲು ತುಳಿದ್ನಾ? ಮೂಲೇಲಿ ಬರೋವಾಗ ಉಸಿರು ಕೂಡ ಆ ಕಡೆ ಬಿಡಲ್ಲ ನಾನು."

"ಹಳೇದೆಲ್ಲ ಯಾಕೆ. ವಾಲ್ಟರ್ ನಾಯಿನ ಏನು ಮಾಡ್ತಿದ್ದ ಹೇಳು."

"ಏನು ಮಾಡ್ತಿದ್ದ ಅಂದ್ರೆ?"

"ತಿರುಗಾಡಿಸ್ಕೊಂಡು ಬರ್ತೀನಿ ಅಂತ ಹೋಗ್ತಿದ್ನಲ್ಲ. ಎಲ್ಲಿ ತಿರುಗಾಡಿಸ್ತಿದ್ದ? ನಾನು ಸೇತುವೆವರೆಗೂ ನಡೆಸಿದೀನಿ, ಇದಕ್ಕೆ ದಣಿವೇ ಇಲ್ಲ."

ಈನಕ್ ಅವಳನ್ನು ಮೇಲಿಂದ ಕೆಳಕ್ಕೆ ನೋಡಿದ. "ಇಷ್ಟು ವರ್ಷ ಸಂಸಾರ ಮಾಡಿ ಅವನು ನಿನಗೆ ಹೇಳೇ ಇಲ್ವಾ? ಮಿನ್ನಿ, ಅದು ನಡೆಯೋ ನಾಯಿ ಅಲ್ಲ. ಅದನ್ನ ನಡೆಸೋದು ಅಂದ್ರೆ ರೈಲು ಇಂಜಿನ್ನಿಗೆ ಹಗ್ಗ ಕಟ್ಟಿ ಎಳೆದ ಹಾಗೆ. ಅದು ಓಡಬೇಕು. ಒಂದೆರಡು ಸಲ ಪ್ರಾಣ ಬಿಟ್ಟು ಓಡಿದ್ರೆ ಇಡೀ ದಿನ ಬಿದ್ಕೊಂಡಿರತ್ತೆ. ಪಬ್ಬಿನ ಹಿಂದಿನ ಮೈದಾನದಲ್ಲಿ ನಾನು ಇದನ್ನ ಒಂದು ತುದೀಲಿ ಹಿಡ್ಕೋತಿದ್ದೆ. ವಾಲ್ಟರ್ ಆ ತುದೀಗೆ ಹೋಗಿ ಚಿಂದಿ ಬೀಸ್ತಿದ್ದ. ನಾನು ಬಿಟ್ರೆ ಇದು ಗುಂಡು ಹೊಡೆದ ಹಾಗೆ ಹೋಗಿ ಆ ಚಿಂದೀಗೆ ಜೋತುಬೀಳ್ತಿತ್ತು. ಬೀಸೋ ಬಟ್ಟೆ ಕಂಡ್ರೆ ಓಡು ಅಂತಲೇ ಅಲ್ವಾ ಇದಕ್ಕೆ ಕಲಿಸಿರೋದು. ನೀನು ನೋಡಿದ್ರೆ ಒಂದಲ್ಲ ಎರಡಲ್ಲ, ಇಡೀ ಓಣಿ ಬಟ್ಟೆ ತೋರಿಸ್ದೆ."

ಮಿನ್ನಿಗೆ ಓಣಿಯ ಆ ದೃಶ್ಯವೆಲ್ಲ ಬೇರೆಯ ಹಾಗೆ ಕಾಣತೊಡಗಿತು. ಪಾಪ, ಅದು ತನ್ನ ಪಾಠ ಒಪ್ಪಿಸಿತ್ತು, ಅಷ್ಟೇ.

"ಚಿಂದಿ ಎಲ್ಲಿ? ಅವನ ಕೋಟಿನ ಜೇಬಲ್ಲಿರತ್ತೆ. ತಗೊಂಡು ಬಾ, ಇವತ್ತೇ ಓಡಿಸೋಣ" ಅಂದ ಈನಕ್.

ಮಿನ್ನಿ ಮನೆಗೆ ಹೋಗಿ, ಡ್ರಾಯರಿನಿಂದ ಅದನ್ನು ತಂದು ಅವನ ಕೈಗಿಟ್ಟಳು. ಈನಕ್ ಒಂದೊಂದೇ ಮಡಿಕೆ ಬಿಡಿಸಿದ. ಬಟ್ಟೆ ರಟ್ಟಿನ ಹಾಗೆ ನಿಂತುಕೊಂಡಿತು. ಮೊದಲು ಅವನ ಭುಜ ಅಲುಗಿತು, ಆಮೇಲೆ ಕೆಮ್ಮು ಬಂತು, ಕೊನೆಗೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು.

"ಕುದಿಸಿದೀಯ."

"ಎರಡು ಸಲ."

"ಗಂಜಿ ಬೇರೆ."

"ಹಾಗೇ ಇಡೋಕಾಗತ್ತಾ? ಹೊಲಸು ನಾರ್ತಿತ್ತು."

"ಆ ನಾತಕ್ಕೇ ಕಣಮ್ಮ ಅದು ಓಡ್ತಿದ್ದಿದ್ದು. ಅದನ್ನ ಹದ ಮಾಡೋಕೆ ವಾಲ್ಟರ್‌ಗೆ ಎಷ್ಟು ವರ್ಷ ಹಿಡೀತೋ. ಈಗ ಇದು ಗಾಳಿಗೂ ಅಲ್ಲಾಡಲ್ಲ, ಚಾಪೆಲ್ ಮೇಜಿನ ಮೇಲೆ ಹಾಸಬಹುದು."

ಆದರೂ ಆ ಮಧ್ಯಾಹ್ನ ಪ್ರಯತ್ನ ಮಾಡಿ ನೋಡಿದರು. ಈನಕ್ ಬಾಬಿನ್‌ನ ಕತ್ತಿನ ಚರ್ಮವನ್ನೂ ಬಾಲದ ಬುಡವನ್ನೂ ಹಿಡಿದು ಒಂದು ತುದಿಯಲ್ಲಿ ನಿಂತ. ಮಿನ್ನಿ ಇನ್ನೊಂದು ತುದಿಗೆ ಹೋಗಿ, ಚಿಂದಿಯ ಎರಡು ಮೂಲೆಗಳನ್ನು ಬೆರಳ ತುದಿಯಲ್ಲಿ ಹಿಡಿದು, ಹಗ್ಗಕ್ಕೆ ಒಣಹಾಕುವವಳ ಹಾಗೆ ಎತ್ತಿ ತೋರಿಸಿದಳು. ಈನಕ್ ನಾಯಿಯನ್ನು ಬಿಟ್ಟ. ಬಾಬಿನ್ ನಾಲ್ಕು ಹೆಜ್ಜೆ ಹೋಗಿ, ಒಂದು ಕಂಬಕ್ಕೆ ಕಾಲೆತ್ತಿ, ತಿರುಗಿ ಬಂದು ಈನಕ್‌ನ ಜೇಬು ಮೂಸಿತು.

"ಬೀಸು, ಬೀಸು. ಕೂಗಿ ಕರಿ ಅದನ್ನ" ಎಂದು ಈನಕ್ ಕಿರುಚಿದ.

ಮಿನ್ನಿ ಕರೆದಳು. ಎರಡೂ ಕೈ ಆಡಿಸಿ, ಹುಬ್ಬು ಎತ್ತಿ, ಬಾಯಿಯನ್ನು ಹೆಬ್ಬಾಗಿಲಿನಷ್ಟು ತೆರೆದು, "ಬಾಬಿನ್, ಬಾ ಇಲ್ಲಿ, ಓಡಿ ಬಾ" ಎಂದು ಮತ್ತೆ ಮತ್ತೆ ಕರೆದಳು. ಮೈದಾನದಲ್ಲಿ ಹಕ್ಕಿಯ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಾಬಿನ್ ಹುಲ್ಲಿನ ಮೇಲೆ ಕೂತು ಕಿವಿ ಕೆರೆದುಕೊಂಡಿತು. ಈನಕ್ ನಿಧಾನವಾಗಿ ನಡೆದು ಅವಳ ಹತ್ತಿರ ಬಂದ.

"ನೀನು ಹೇಳಿದ್ದೆಲ್ಲ ನನಗೆ ಚೆನ್ನಾಗಿ ತಿಳೀತು ಮಿನ್ನಿ, ಒಂದಕ್ಷರ ಬಿಡದೆ. ಆದ್ರೆ ನಾಯಿ ಗಿರಣೀಲಿ ಕೆಲಸ ಮಾಡಿಲ್ಲ ನೋಡು."

ಮಿನ್ನಿ ಗಂಟಲಿಗೆ ಕೈ ಇಟ್ಟುಕೊಂಡಳು. ತಾನು ಕೂಗುತ್ತಿದ್ದೇನೆ ಎಂದೇ ಅವಳು ಅಂದುಕೊಂಡಿದ್ದಳು.

"ವಾಲ್ಟರ್ ಏನಂತ ಕರೀತಿದ್ದ?" ಎಂದು ಕೇಳಿದಳು. "ಅವನೂ ಮೆತ್ತಗಿನವನೇ. ಉಪ್ಪು ಕೊಡು ಅಂತ ಕೇಳೋಕೂ ಗಂಟಲು ಸರಿಮಾಡ್ಕೋತಿದ್ದ."

ಈನಕ್ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದ. "ಅದು ಬೇಡ ಬಿಡು."

"ಬೇಡ ಅಂದ್ರೆ?"

"ಇಲ್ಲಿ ಒಬ್ಬೊಬ್ಬರೂ ಒಂದೊಂದು ಕೂಗು ಇಟ್ಕೊಂಡಿರ್ತಾರೆ. ನಾಯಿ ಅದಕ್ಕೇ ಒಗ್ಗಿರತ್ತೆ. ಅವನದೂ ಒಂದಿತ್ತು."

"ಏನದು? ಹೇಳು ಈನಕ್, ಸೋಮವಾರ ಬಂದ್ರೆ ನಾಯಿ ಹೋಗತ್ತೆ."

ಈನಕ್ ಆಕಾಶ ನೋಡಿಕೊಂಡು ಹೇಳಿದ: "'ಮಿನ್ನಿ ಬಂದ್ಳು, ಪೊರಕೆ ತಂದ್ಳು, ಓಡೋ ಮಗನೇ.' ಕಾಲುವೆ ಆಚೆಗೂ ಕೇಳಿಸ್ತಿತ್ತು, ನೆಲ ತಿಕ್ಕೋ ಸದ್ದಲ್ಲಿ ನಿನಗೆ ಕೇಳಿಸ್ಲಿಲ್ಲ ಅಷ್ಟೇ. ಒಳ್ಳೇ ಶಾರೀರ ಅವನದು."

ಮಿನ್ನಿ ಆ ಚಿಂದಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ಪಬ್ಬಿನ ಮುಂದೆ ತಾನು ಹಾದುಹೋಗುವಾಗಲೆಲ್ಲ ಗಂಡಸರು ಟೋಪಿ ಎತ್ತಿ, ಮೀಸೆಯಡಿ ನಗುತ್ತಿದ್ದದ್ದು ನೆನಪಾಯಿತು. ತನ್ನ ನಡತೆ ಕಂಡು ಮರ್ಯಾದೆ ಕೊಡುತ್ತಾರೆ ಎಂದು ಅವಳು ತಿಳಿದಿದ್ದಳು.

"ಎಷ್ಟು ವರ್ಷದಿಂದ?"

"ಇದರ ಅಜ್ಜಿ ಕಾಲದಿಂದ."

ಅವಳು ನಾಯಿಯ ಪಟ್ಟಿ ಹಿಡಿದು ಮನೆಗೆ ನಡೆದಳು. ದಾರಿಯುದ್ದಕ್ಕೂ ವಾಲ್ಟರ್‌ನನ್ನು ಮನಸಾರೆ ಬೈದಳು. ಅವನು ಸತ್ತ ಮೇಲೆ ಅವನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಬಾಗಿಲು ತೆರೆಯುವ ಹೊತ್ತಿಗೆ ಯಾಕೋ ಸಿಟ್ಟೆಲ್ಲ ಇಳಿದು, ತುಟಿ ತಾನಾಗಿ ಓರೆಯಾಗಿತ್ತು. ಒಳ್ಳೇ ಶಾರೀರವಂತೆ. ಮನೆಯಲ್ಲಿ ಒಂದು ದಿನ ಕೇಳಿಸಿದ್ದರೆ ತಾನೇ.

ಬುಧವಾರದಿಂದ ಮಿನ್ನಿ ಹಾವರ್ತ್ ತನ್ನ ಜನ್ಮದಲ್ಲಿ ಮಾಡದ ಕೆಲಸಕ್ಕೆ ಇಳಿದಳು. ಒಂದು ಒಳ್ಳೆಯ ಬಿಳಿ ಬಟ್ಟೆಯನ್ನು ಕೊಳಕು ಮಾಡತೊಡಗಿದಳು. ಯಾರೂ ಕಾಣದ ಹೊತ್ತು ನೋಡಿ ಅಂಗಳದ ಕೆಸರಿನಲ್ಲಿ ಅದನ್ನು ಕಾಲಿನಿಂದ ತುಳಿದಳು. ಗಂಜಿ ಬಿಡಲೆಂದು ಮೂಳೆ ಬೇಯಿಸಿದ ಸಾರಿನಲ್ಲಿ ಅದ್ದಿದಳು. ಬಾಬಿನ್‌ನ ಹಾಸಿಗೆಯ ಕೆಳಗೆ ಸೇರಿಸಿದಳು. ವಾಲ್ಟರ್‌ನ ತಂಬಾಕಿನ ಡಬ್ಬಿಯ ತಳದಲ್ಲಿ ಉಳಿದಿದ್ದ ಪುಡಿಯನ್ನು ಅದರ ಮೇಲೆ ಉದುರಿಸಿ ಉಜ್ಜಿದಳು. ಮೊದಮೊದಲು ಅವಳ ಕೈಯೇ ಒಪ್ಪಲಿಲ್ಲ, ಪ್ರತಿ ಸಲವೂ ಸೋಪಿನ ಕಡೆಗೆ ಹೋಗುತ್ತಿತ್ತು. ಗುರುವಾರ ರಾತ್ರಿ ಊಟ ಮಾಡುವಾಗ ಬಾಬಿನ್ ಆ ಚಿಂದಿಯನ್ನು ತಾನೇ ಎಳೆದು ತಂದು ಅವಳ ಮಡಿಲಿಗೆ ಹಾಕಿತು. ಅವಳು ಒಂದು ಮೂಲೆ ಹಿಡಿದಳು, ಅದು ಇನ್ನೊಂದು ಮೂಲೆ ಕಚ್ಚಿತು. ತೊಳೆದ ನೆಲದ ಮೇಲೆ ಇಬ್ಬರೂ ಜಗ್ಗಾಡಿದರು.

ಕೂಗು ಇನ್ನೂ ಬಾಕಿಯಿತ್ತು. ಶುಕ್ರವಾರ ಅವಳು ಕಲ್ಲಿದ್ದಲಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕತ್ತಲಲ್ಲಿ ನಿಂತು ಅಭ್ಯಾಸ ಮಾಡಿದಳು. ಮೊದಲು ಗಾಳಿ ಬಂತು. ಆಮೇಲೆ ಕೀರಲು ದನಿ. ಹತ್ತಾರು ಸಲ ಪ್ರಯತ್ನಿಸಿದ ಮೇಲೆ ಏನೋ ಒಂದು ಕಳಚಿಕೊಂಡ ಹಾಗಾಗಿ, ಅವಳೇ ಬೆಚ್ಚಿಬೀಳುವಂಥ ಕೂಗು ಹೊರಟಿತು. ಗೋಡೆಯ ಆಚೆಯಿಂದ ಕ್ಲೆಗ್ಗಮ್ಮ ದಬದಬ ಬಡಿದಳು.

"ಯಾರದು? ಮಿನ್ನಿ, ಬಿದ್ಯೇನೇ?"

"ಇಲ್ಲ. ಕಲ್ಲಿದ್ದಲು ತಗೋತಿದೀನಿ."

"ಅಷ್ಟೊಂದು ಭಾರ ಆಗ್ತಿದ್ರೆ ನಮ್ಮೆಜಮಾನ್ರನ್ನ ಕಳಿಸ್ತೀನಿ. ಚಡ್ಡಿ ಒಣಗಿದೆ ಅವರದು."

ಮಿಸೆಸ್ ಹಾವರ್ತ್ ಹೋಗಿ ಮತ್ತೆ ಮಿನ್ನಿ ಆದೆನಲ್ಲ ಎಂದು ಅವಳಿಗೆ ಸ್ವಲ್ಪ ಧೈರ್ಯ ಬಂತು.

ಶನಿವಾರ ಮಧ್ಯಾಹ್ನ ಮೈದಾನದ ತುಂಬ ಗಂಡಸರು, ನಾಯಿಗಳು. ಖಾಲಿ ಇದ್ದಾಗ ಹೋಗೋಣ ಎಂದು ಮಿನ್ನಿ ಹೇಳಿದ್ದಳು. ಈನಕ್ ಒಪ್ಪಲಿಲ್ಲ. ಬೇರೆ ನಾಯಿ ಓಡಿದರೆ ಬಾಬಿನ್‌ಗೂ ಕಾಲು ಬರುತ್ತದೆ ಎಂದ. ಭಾನುವಾರ ದೇವರ ದಿನ, ಯಾರೂ ನಾಯಿ ಓಡಿಸುವುದಿಲ್ಲ. ಆದ್ದರಿಂದ ಇವತ್ತು ಆಗದಿದ್ದರೆ ಸೋಮವಾರ ವ್ಯಾನೇ ಗತಿ. ಅವಳು ಭಾನುವಾರದ ಕೋಟು ಹಾಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಕೈಚೀಲದಲ್ಲಿ ಆ ಚಿಂದಿ ಇಟ್ಟುಕೊಂಡು ಬಂದಿದ್ದಳು. ಗಂಡಸರು ಟೋಪಿ ಎತ್ತಿದರು. ಈ ಸಲ ಅವಳಿಗೆ ಅದರ ಅರ್ಥ ತಿಳಿದಿತ್ತು.

ತುದಿಯಲ್ಲಿ ಐದಾರು ಜನ ಸಾಲಾಗಿ ನಿಂತು ತಮ್ಮ ತಮ್ಮ ಚಿಂದಿ ಬೀಸುತ್ತ, ತಮ್ಮ ತಮ್ಮ ಕೂಗು ಕೂಗುತ್ತಿದ್ದರು. ಒಬ್ಬ "ಬಾಡೂಟ, ಬಾಡೂಟ" ಅನ್ನುತ್ತಿದ್ದ. ಇನ್ನೊಬ್ಬ ಬರೀ ಬೈಗುಳದಲ್ಲೇ ಕರೆಯುತ್ತಿದ್ದವನು ಮಿನ್ನಿಯನ್ನು ಕಂಡು ನಾಲಿಗೆ ಕಚ್ಚಿಕೊಂಡ, ಪಾಪ ಅವನ ನಾಯಿಗೆ ಗೊಂದಲವಾಯಿತು. ದೂರದಲ್ಲಿ ಈನಕ್ ಬಾಬಿನ್‌ನನ್ನು ಹಿಡಿದು ಬಗ್ಗಿದ್ದು ಕಾಣಿಸಿತು. ಮಿನ್ನಿ ಕೈಚೀಲವನ್ನು ಹುಲ್ಲಿನ ಮೇಲಿಟ್ಟು ಚಿಂದಿ ಎತ್ತಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಪಕ್ಕದವನು ಬೇರೆ ಕಡೆ ನೋಡುವಂತೆ ನಟಿಸಿದ.

ಅಷ್ಟರಲ್ಲಿ ಉಳಿದ ನಾಯಿಗಳು ಹೊರಟುಬಿಟ್ಟವು. ಈನಕ್ ಇನ್ನೂ ಹಿಡಿದುಕೊಂಡೇ ಇದ್ದ, ಬಾಬಿನ್ ಅವನ ಕೈಯಲ್ಲಿ ನಡುಗುತ್ತ ಅವಳ ಕಡೆಗೇ ನೋಡುತ್ತಿತ್ತು. ಆ ಬೆಟ್ಟದ ಆಚೆಯ ಹೊಲ, ಕೋಳಿ, ಕಟ್ಟಿಹಾಕಿದ ಹಗ್ಗ ಎಲ್ಲ ಮಿನ್ನಿಯ ಕಣ್ಣ ಮುಂದೆ ಒಮ್ಮೆಗೇ ಬಂದವು.

"ಮಿನ್ನಿ ಬಂದ್ಳು," ಎಂದು ಕೂಗಿದಳು. ಮೈದಾನ ಪೂರ್ತಿ ತಿರುಗಿ ನೋಡಿತು. "ಪೊರಕೆ ತಂದ್ಳು, ಓಡೋ ಮಗನೇ, ಓಡೋ."

ಬಾಬಿನ್ ಹೊರಟದ್ದು ಅವಳಿಗೆ ಕಾಣಿಸಲೇ ಇಲ್ಲ. ಹುಲ್ಲು ಎರಡಾಗಿ ಸೀಳಿಕೊಂಡು ಬಂದಂತಾಯಿತು, ಅಷ್ಟೇ. ಅವಳು ಬೀಸುತ್ತಲೇ ಇದ್ದಳು, ಕೂಗುತ್ತಲೇ ಇದ್ದಳು, ಸ್ಕಾರ್ಫ್ ಕತ್ತಿಗೆ ಜಾರಿತ್ತು. ಮುಂಚೆ ಹೊರಟ ನಾಯಿಗಳಲ್ಲಿ ಎರಡನ್ನು ದಾಟಿಕೊಂಡು ಬಂದು ಬಾಬಿನ್ ಚಿಂದಿಗೆ ಹಾರಿತು. ಆ ರಭಸಕ್ಕೆ ಮಿನ್ನಿ ಒಂದು ಸುತ್ತು ತಿರುಗಿ, ಭಾನುವಾರದ ಕೋಟಿನ ಸಮೇತ ಒದ್ದೆ ಹುಲ್ಲಿನ ಮೇಲೆ ಕೂತಳು. ನಾಯಿ ಚಿಂದಿ ಬಿಡಲಿಲ್ಲ, ಅವಳೂ ಬಿಡಲಿಲ್ಲ.

"ಪೊರಕೆ ಎಲ್ಲಿ ಮಿನ್ನಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಮನೇಲಿದೆ. ಹೊಸ್ತಿಲ ತನಕ ಬಾ, ತೋರಿಸ್ತೀನಿ."

ನಕ್ಕವರಲ್ಲಿ ಇಬ್ಬರು ಬಂದು ಅವಳನ್ನು ಕೈಹಿಡಿದು ಎಬ್ಬಿಸಿದರು. ಬಾಡೂಟದವನು ಅವಳ ಕೈಚೀಲ ಒರೆಸಿ ಕೊಟ್ಟ.

ಸೋಮವಾರ ಬೆಳಿಗ್ಗೆ ಬೆಳಕು ಹರಿಯುತ್ತಲೇ ಈನಕ್ ಮೂಲೆಯಲ್ಲಿ ಶಿಳ್ಳೆ ಹಾಕಿದ. ಬಾಬಿನ್ ಎರಡು ಓಟ ಓಡಿತು, ಇರಲಿ ಎಂದು ಇನ್ನೊಂದು. ಮನೆಗೆ ಬಂದು ನೀರು ಕುಡಿದು ಹಿಂಬಾಗಿಲಲ್ಲಿ, ಓಣಿಗೆ ಮುಖ ಮಾಡಿ, ಹಿಂಡಿ ಬಿಸಾಡಿದ ಬಟ್ಟೆಯ ಹಾಗೆ ಬಿದ್ದುಕೊಂಡಿತು. ಗಾಳಿ ಜೋರಾಗಿತ್ತು. ಹಗ್ಗಗಳೆಲ್ಲ ತುಂಬಿದವು. ಕ್ಲೆಗ್ಗಮ್ಮ ತನ್ನ ಬಟ್ಟೆ ಹರವಿ, ಆ ಉಲ್ಲನ್ ಚಡ್ಡಿಯನ್ನು ಬೇಕೆಂದೇ ತುದಿಗೆ, ನಾಯಿಯ ನೆತ್ತಿಯ ಮೇಲಕ್ಕೆ ಬರುವ ಹಾಗೆ ಹಾಕಿ, ಕೈ ಕಟ್ಟಿ ನಿಂತಳು. ಮೊಟ್ಟೆ ವ್ಯಾನು ಬಂತು. ಬೆರಿಲ್ ಇಳಿದು ಬಂದು ಅಮ್ಮನ ಪಕ್ಕ ನಿಂತಳು.

ಚಡ್ಡಿ ಗಾಳಿಗೆ ಒದ್ದಾಡಿತು. ಬಾಬಿನ್ ಒಂದು ಕಣ್ಣು ತೆರೆಯಿತು. ಚಡ್ಡಿಯ ಕಾಲು ಕೆಳಗೆ ಬಂದು ಅದರ ಮೂಗನ್ನು ಸವರಿ ಹೋಯಿತು. ಬಾಬಿನ್ ನಿಟ್ಟುಸಿರು ಬಿಟ್ಟು, ಮೂಗನ್ನು ಮುಂಗಾಲ ಕೆಳಗೆ ಸೇರಿಸಿ, ಕಣ್ಣು ಮುಚ್ಚಿತು. ಸ್ವಲ್ಪ ಹೊತ್ತಿಗೆ ಗೊರಕೆಯೂ ಕೇಳಿಸಿತು.

"ಅಮ್ಮ, ಇದಕ್ಕೇನು ಹಾಕಿದೀಯ? ನಿದ್ದೆ ಮಾತ್ರೆನಾ?"

"ಓಟ ಹಾಕಿದೀನಿ" ಅಂದಳು ಮಿನ್ನಿ. "ನಿಮ್ಮಪ್ಪ ಹಾಕ್ತಿದ್ದದ್ದೇ."

ಬೆರಿಲ್ ತಾಯಿಯ ಬಾತ ಮೊಣಕಾಲನ್ನೂ ಒಳಗೆ ತೂಗುಹಾಕಿದ್ದ ಭಾನುವಾರದ ಕೋಟಿನ ಮೇಲಿದ್ದ ಹುಲ್ಲಿನ ಕಲೆಯನ್ನೂ ನೋಡಿದಳು. ಹಗ್ಗಗಳ ಆಚೆಯಿಂದ ಕ್ಲೆಗ್ಗಮ್ಮ ಬಾಯಿ ಅಗಲಿಸಿ, ಸದ್ದಿಲ್ಲದೆ, "ಇರ್ಲಿ ಬಿಡು ನಾಯಿ" ಎಂದು ಮಿನ್ನಿಗೆ ಹೇಳಿದ್ದನ್ನೂ ನೋಡಿದಳು. ವ್ಯಾನು ಖಾಲಿ ಹೋಯಿತು. ಬೆರಿಲ್ ಟೀಗೆ ಉಳಿದಳು.

ಸಂಜೆ ಮೂಲೆಯಿಂದ ಶಿಳ್ಳೆ ಕೇಳಿಸಿತು. ತಟ್ಟೆಗಳು ಇನ್ನೂ ಮೇಜಿನ ಮೇಲಿದ್ದವು, ನೆಲ ಒರೆಸಿರಲಿಲ್ಲ. ಮಿನ್ನಿ ಎದ್ದು, ಬಾಗಿಲ ಹಿಂದಿನ ಹಳೇ ಕೋಟು ಹಾಕಿಕೊಂಡು, ಅದರ ಜೇಬಿನಲ್ಲಿ ಚಿಂದಿ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.

"ನಾಯಿನ ತಿರುಗಾಡಿಸ್ಕೊಂಡು ಬರ್ತೀನಿ" ಅಂದಳು.

ಬೆರಿಲ್ ಹಿಂಬಾಗಿಲಲ್ಲಿ ನಿಂತು ಪಾತ್ರೆ ಒರೆಸುತ್ತಿದ್ದಾಗ ಮೈದಾನದ ಕಡೆಯಿಂದ ಆ ಕೂಗು ಬಂತು. ಹುಟ್ಟಿದಾಗಿನಿಂದ ಅಮ್ಮನ ದನಿ ಅಷ್ಟು ದೂರದಿಂದ ಅವಳಿಗೆ ಕೇಳಿಸಿದ್ದು ಅದೇ ಮೊದಲು. ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

ಪಕ್ಕದ ಅಂಗಳದಲ್ಲಿ ಕ್ಲೆಗ್ಗಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ನಿಮ್ಮ ಅಪ್ಪನಿಗಿಂತ ಜೋರು" ಅಂದಳು.